ಕಾರ್ವಿ ಗುಡ್ಡದ ಗುತ್ತಿಗೆ

"ಕಾರಣ ಯಾರಿಗೂ ಗೊತ್ತಿಲ್ಲದ ಪದ್ಧತಿಗೆ ವ್ಯಾಪಾರಿ ಯಾಕೆ ತಲೆಬಾಗಬೇಕು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ:

ಒಬ್ಬ ವ್ಯಾಪಾರಿ ಒಂದು ಜೋಡಿ ಎತ್ತು ಕೊಟ್ಟು ಒಂದು ಗುಡ್ಡದ ಎರಡು ಸಲದ ಹೂವಿನ ಜೇನನ್ನು ಗುತ್ತಿಗೆ ಹಿಡಿದ. ಗುಡ್ಡದ ತುಂಬ ಕಾರ್ವಿ ಗಿಡ. ಅದು ಹೂ ಬಿಡುವುದು ಏಳು ವರ್ಷಕ್ಕೊಮ್ಮೆ. ಬಿಟ್ಟರೆ ಇಡೀ ಗುಡ್ಡ ಒಟ್ಟಿಗೆ ನೀಲಿ. ಆಮೇಲೆ ಇಡೀ ಗುಡ್ಡ ಒಟ್ಟಿಗೆ ಒಣಗಿ ಸಾಯುತ್ತದೆ. ಜೇನು ಕೀಳುವ ಅಲ್ಲಿನ ಜೇನುಗಾರನಿಗೆ ಅರ್ಧ ಪಾಲು. ಹಿರಿಮಗಳ ಮದುವೆ ಈ ಹೂವಿಗೆ, ಕಿರಿಯಳದು ಮುಂದಿನ ಹೂವಿಗೆ ಎಂದು ವ್ಯಾಪಾರಿಯ ಲೆಕ್ಕ.

ಮೊದಲ ಹೂವಿನ ಜೇನು ಚೆನ್ನಾಗಿ ಬಂತು. ಹಿರಿಮಗಳ ಮದುವೆ ಆಯಿತು. ಬೇಸಿಗೆಯಲ್ಲಿ ವ್ಯಾಪಾರಿಯ ಕಣ್ಣು ಒಣಗಿ ನಿಂತ ಗಿಡಗಳ ಮೇಲೆ ಬಿತ್ತು. ಪೇಟೆಯಲ್ಲಿ ಬೇಲಿಗೆ ಕಾರ್ವಿ ಕಡ್ಡಿ ಕೇಳುವವರಿದ್ದರು.

"ಕಡಿಸು" ಎಂದ ಜೇನುಗಾರನಿಗೆ.

"ಆಗೋದಿಲ್ಲ ಸಾಹುಕಾರ್ರೇ. ಮೊದಲ ಮಳೆ ಬೀಳೋ ತನಕ ನಾವು ಕಾರ್ವಿಗೆ ಕತ್ತಿ ಹಾಕೋದಿಲ್ಲ."

"ಯಾಕೆ?"

"ಯಾಕೋ. ಅಜ್ಜ ಹೇಳಿದ್ದು."

"ಮಳೆ ಬಿದ್ದ ಮೇಲೆ ಬೇಲಿ ಕಟ್ಟೋ ದಡ್ಡ ಯಾರಪ್ಪ? ಸತ್ತ ಗಿಡಕ್ಕೆ ಕಾವಲು ಕೂತು ನಿಮ್ಮಜ್ಜ ಏನು ಗಳಿಸಿದ?"

ಕಡ್ಡಿಯಲ್ಲೂ ಅರ್ಧ ಪಾಲು ಎಂದ ವ್ಯಾಪಾರಿ. ಅಜ್ಜನಿಗಿಂತ ಅರ್ಧ ಪಾಲು ದೊಡ್ಡದಾಯಿತು. ಜೇನುಗಾರ ತಾನೇ ಕತ್ತಿ ಮಸೆದ. ಮಳೆಗೆ ಮುಂಚೆ ಗುಡ್ಡ ಬೋಳಾಯಿತು.

ಮೊದಲ ಮಳೆ ಬಿತ್ತು. ಪೇಟೆಯ ಬೇಲಿಗಳೆಲ್ಲ ಚಟಚಟ ಎನ್ನತೊಡಗಿದವು. ಹುಳ ಹಿಡಿದ ಕಡ್ಡಿ ಮಾರಿದ್ದೀಯ ಎಂದು ಕೊಂಡವರು ವ್ಯಾಪಾರಿಯನ್ನು ಬೈದರು. ಅವನು ಜೇನುಗಾರನನ್ನು ಕರೆದುಕೊಂಡು ಹೋಗಿ ನೋಡಿದ. ಹುಳವಲ್ಲ. ನೀರು ತಾಗಿ ಕಡ್ಡಿಯಲ್ಲಿದ್ದ ಒಣಕಾಯಿಗಳು ಸಿಡಿದು ಬೀಜ ಹಾರಿಸುತ್ತಿದ್ದವು. ಹೆಂಗಸರು ಅದನ್ನು ಅಂಗಳದಿಂದ ಗುಡಿಸಿ ತಿಪ್ಪೆಗೆ ಸುರಿಯುತ್ತಿದ್ದರು.

ಜೇನುಗಾರ ತಿಪ್ಪೆ ಕೆದಕಿ, ಸಿಕ್ಕಷ್ಟು ಬೀಜ ಹೊತ್ತು ಗುಡ್ಡಕ್ಕೆ ಎರಚಿದ. ಒಣಗಿದ ಗಿಡಗಳ ಮರೆಯಿಲ್ಲದ ಇಳಿಜಾರು. ಮಳೆ ಮಣ್ಣಿನ ಜೊತೆ ಬೀಜವನ್ನೂ ತೊಳೆದುಕೊಂಡು ಹೋಯಿತು.

ಏಳನೆಯ ವರ್ಷ ಗುಡ್ಡದ ಮೇಲೆ ಹುಲ್ಲಿತ್ತು. ಜೇನು ಹುಟ್ಟು ಕಟ್ಟಲಿಲ್ಲ. ಕಿರಿಮಗಳನ್ನು ನೋಡಲು ಬಂದವರು ನೀರು ಕುಡಿದು ಎದ್ದುಹೋದರು.

ಶಿಷ್ಯ ಕೇಳಿದ: "ಹಾಗಾದರೆ ಆ ಇಬ್ಬರಿಗೆ ಲಾಭ ಏನೂ ಆಗಲಿಲ್ಲವೇ?"

"ಆಯಿತಲ್ಲ, ಪದ್ಧತಿಗೆ ಕಾರಣ ಏನೆಂದು ಇಬ್ಬರಿಗೂ ಗೊತ್ತಾಯಿತು" ಎಂದ ಗುರು.