ಮಂಜು ಅಂದವರ ಕೈ ಹಿಡಿದ ಮುರಿಗೆಪ್ಪ

ಪೆದ್ದನಿಲ್ಲದ ಊರಿಲ್ಲ. ಕೆಲವು ಊರವರು ಅವನನ್ನು ಮುಚ್ಚಿಡುತ್ತಾರೆ, ಕೆಲವರು ಆರಿಸಿ ಕಳಿಸುತ್ತಾರೆ. ನೇಕಾರರ ಓಣಿಯ ಬಾಳವ್ವ ಮಾತ್ರ ತನ್ನ ಪೆದ್ದ ಮಗನನ್ನು ದವಾಖಾನೆಗೆ ಕಳಿಸಿದಳು.

ಬಾಳವ್ವ ಅಂದರೆ ಅಂತಿಂಥವಳಲ್ಲ. ಅವಳು ನೇಯ್ದ ಸೆರಗು ನೋಡಿ ಉಳಿದವರು ಮಗ್ಗ ನಿಲ್ಲಿಸಿ ನಿಟ್ಟುಸಿರು ಬಿಡುತ್ತಿದ್ದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ‘ನನ್ನ ಕಣ್ಣಿಗೇನಾಗೇದ’ ಅನ್ನುವ ಜಂಬ. ಆಶಾ ಕಾರ್ಯಕರ್ತೆ ಬಂದು ಹೇಳಿದಳು:

“ಕಣ್ಣು ಕಂಡ್ರೂ ವರ್ಷಕ್ಕೊಮ್ಮೆ ತೋರಸಬೇಕವ್ವಾ. ಸಕ್ಕರಿ ಕಣ್ಣಿನ ಹಿಂದಿನ ಪರದಿ ಕೆಡಸತೈತಿ. ನೋವಿಲ್ಲ, ಸುದ್ದಿಲ್ಲ. ಗೊತ್ತಾಗೋದ್ರಾಗ ಮಗ್ಗ ಬಿಡಬೇಕಾಗತೈತಿ!”

ಮಗ್ಗ ಬಿಡೋದೆ! ಬಾಳವ್ವ ಲಾಳಿ ಕೆಳಗಿಟ್ಟಳು. ಮಗನನ್ನು ಕರೆದಳು.

“ಮುರಿಗೆಪ್ಪಾ, ದವಾಖಾನಿಗೆ ಹೋಗಿ ಕಣ್ಣಿನ ಚೀಟಿ ಮಾಡಿಸ್ಕೊಂಡು ಬಾ. ಸಾಲಿನ್ಯಾಗ ಮುಂದಿನವನ ಬೆನ್ನು ಬಿಡಬ್ಯಾಡ!”

“ಬಿಡಂಗಿಲ್ಲವ್ವಾ!”

ಬಿಡಲಿಲ್ಲ. ಮುಂದಿನವ ಚೀಟಿ ತಗೊಂಡು ಹೊರಬಿದ್ದ, ಇವ ಬೆನ್ನಿಗೇ. ಮುಂದಿನವ ಚಹಾ ಕುಡಿದ, ಇವ ಬೆನ್ನಿಗೇ. ಮುಂದಿನವ ಬಸ್ಸು ಹತ್ತಿ ತನ್ನೂರಿಗೆ ಹೋದ, ಇವ ಬೆನ್ನಿಗೇ. ಅವನ ಹೆಂಡತಿ ಇಬ್ಬರಿಗೂ ರೊಟ್ಟಿ ಬಡಿದು ಹಾಕಿದಳು.

ಬರಿಗೈಲಿ ಮನೆಗೆ ಮರಳಿದವನಿಗೆ ಬಾಳವ್ವ ಬೈದಳು: “ಅಯ್ಯ ದಡ್ಡಾ! ಕಿಟಕಿ ಕಂಡಲ್ಲೆ ನಿಂತು, ‘ಬಾಳವ್ವ, ಅರವತ್ತು ವರ್ಷ, ಸಕ್ಕರಿ ಬ್ಯಾನಿ’ ಅಂತ ಒದರಬೇಕೋ!”

“ಹೂಂನವ್ವಾ!”

ಮರುದಿನ ಹೊಸ್ತಿಲು ದಾಟಿದ್ದೇ ತಡ, ಕಿಟಕಿ ಕಂಡಿತು. ಎದುರು ಮನೆ ಚೆನ್ನವ್ವನದು. ನಿಂತ, ಒದರಿದ. ಅದರಾಚೆ ಮನೆಗೂ ಕಿಟಕಿ. ನಿಂತ, ಒದರಿದ. ಓಣಿ ಮುಗಿಯುವಷ್ಟರಲ್ಲಿ ಬಾಳವ್ವ ಮುಚ್ಚಿಟ್ಟಿದ್ದ ಕಾಯಿಲೆ ಬಯಲಾಯಿತು. ಕಾಯಿಲೆಗಿಂತ ಭದ್ರವಾಗಿ ಮುಚ್ಚಿಟ್ಟಿದ್ದ ವಯಸ್ಸೂ ಬಯಲಾಯಿತು.

“ಮಾನ ಕಳದೆಲ್ಲೋ! ಇನ್ನ ಯಾರು ಏನು ಕೇಳಿದ್ರೂ ಬಾಯಿ ಬಿಡಬ್ಯಾಡ!”

ಬಿಡಲಿಲ್ಲ. ದವಾಖಾನೆಯ ಕಿಟಕಿಯಲ್ಲಿ “ಹೆಸರೇನು?” ಅಂದರು. ಸುಮ್ಮನೆ ನಿಂತ. “ಏನಾಗೇದ?” ಅಂದರು. ಸುಮ್ಮನೆ ನಿಂತ. “ಮಾತು ಬರಂಗಿಲ್ಲೇನು?” ಅಂದರು. ಸುಮ್ಮನೆ ನಿಂತ. ಪಾಪ ಅಂತ ಗಂಟಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಬಾಳವ್ವ ಹಣೆ ಹಣೆ ಬಡಿದುಕೊಂಡಳು. “ನಿನ್ನ ನಂಬಿದ್ರ ಕುರುಡಿ ಆಗ್ತೀನಿ. ನಡಿ, ನಾನ ಬರ್ತೀನಿ!”

ದವಾಖಾನೆಯಲ್ಲಿ ಸಿಸ್ಟರ್ ಅವಳ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದಳು. ಸ್ವಲ್ಪ ಹೊತ್ತಿಗೆ ಬಾಳವ್ವ ಎದ್ದಳು. “ಎಲ್ಲಾ ಮಂಜು ಮಂಜು!” ಅಂದವಳೇ ಬಾಗಿಲಿಗೆ ಢಿಕ್ಕಿ ಹೊಡೆದಳು. ಮುರಿಗೆಪ್ಪ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ.

“ನೋಡ್ಕೋತ ಕುಂತೀಯಲ್ಲೋ!” ಸಿಸ್ಟರ್ ಗದರಿದಳು. “ಹನಿ ಹಾಕಿದ್ರ ಒಂದಷ್ಟು ತಾಸು ಹಂಗ. ಮಂಜು ಅಂದವರ ಕೈ ಗಟ್ಟಿ ಹಿಡಿ, ಮನಿ ಮುಟ್ಟೋತನಕ ಬಿಡಬ್ಯಾಡ!”

“ಹೂಂನ್ರಿ!”

ಅವ್ವನ ಕೈ ಹಿಡಿದು ಒಳಗೆ ಕರೆದೊಯ್ದ. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಮತ್ತೆ ನೋಡಿದರು.

“ಎಡಗಣ್ಣಿನ ಪರದಿ ಮ್ಯಾಲೆ ಸಣ್ಣ ರಗತದ ಚುಕ್ಕಿ ಅದಾವ. ವ್ಯಾಳ್ಯಾಕ್ಕ ಬಂದೀರಿ, ಅವ್ವಾರ. ಸಕ್ಕರಿ ಹಿಡಿತದಾಗ ಇಡ್ರಿ, ಆರು ತಿಂಗಳಿಗೆ ಮತ್ತ ತೋರಸ್ರಿ. ಸದ್ಯಕ್ಕ ಮಗ್ಗಕ್ಕೇನೂ ಭಯ ಇಲ್ಲ.”

ಬಾಳವ್ವ ನೆಟ್ಟಗೆ ಕೂತಳು. “ಮತ್ತೇನ್ರಿ! ನನ್ನ ಮಗ ಮೂರು ದಿನ ಅಡ್ಡಾಡ್ಯಾನ!”

ಅವತ್ತಿನ ಕೊನೆಯ ಪೇಷಂಟ್ ಅವಳೇ. ಡಾಕ್ಟರು ನಗುತ್ತ ಎದ್ದರು. ಮಾಸ್ಕಿನೊಳಗಿನ ಉಸಿರು ಕನ್ನಡಕಕ್ಕೆ ಬಡಿಯಿತು. “ಛೇ, ಎಲ್ಲಾ ಮಂಜು!” ಅಂದರು.

ಮುರಿಗೆಪ್ಪ ಅವ್ವನ ಕೈ ಬಿಟ್ಟ. ಡಾಕ್ಟರ ಕೈ ಹಿಡಿದ!

“ಏ, ಬಿಡೋ!”

“ಮನಿ ಮುಟ್ಟೋತನಕ ಬಿಡಂಗಿಲ್ರಿ!”

ಗೇಟು ದಾಟಿದ, ಸಂತೆಪೇಟೆ ದಾಟಿದ. ಮುಂದೆ ಮುರಿಗೆಪ್ಪ, ಅವನ ಹಿಂದೆ ಡಾಕ್ಟರು, ಅವರ ಹಿಂದೆ ಸಿಸ್ಟರ್, ಸಿಸ್ಟರ್ ತೋಳು ಹಿಡಿದು ಬಾಳವ್ವ. ಓಣಿಯ ಮಗ್ಗಗಳೆಲ್ಲ ನಿಂತುಬಿಟ್ಟವು. ಬಾಳವ್ವನಿಗೆ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ಆದರೂ ಎದುರು ಮನೆ ಕಡೆ ತಿರುಗಿ ಎದೆಯುಬ್ಬಿಸಿ ಕೂಗಿದಳು:

“ಏ ಚೆನ್ನವ್ವಾ! ನಿನ್ನ ಮಗ ಎರಡು ಡಿಗ್ರಿ ಮಾಡ್ಯಾನ. ಡಾಕ್ಟರನ್ನ ಕೈ ಹಿಡದು ಓಣಿಗೆ ತಂದಾನೇನ?”

ಚೆನ್ನವ್ವ ಮೆತ್ತಗೆ ಹೊರಗೆ ಬಂದಳು. “ಡಾಕ್ಟರ, ನಂಗೂ ಸಕ್ಕರಿ ಐತ್ರಿ. ಕಣ್ಣು ತೋರಿಸೇ ಇಲ್ಲ.” ಅವಳ ಹಿಂದೆ ಇನ್ನೂ ಮೂವರು ಬಂದರು.

“ಎಲ್ಲಾರೂ ನಾಳೆ ಬರ್ರಿ,” ಅಂದರು ಡಾಕ್ಟರು, ಏದುಸಿರು ಬಿಡುತ್ತ. “ತಮ್ಮಾ, ಮನಿ ಮುಟ್ಟಿತಲ್ಲ, ಈಗರ ಕೈ ಬಿಡಪ್ಪಾ!”

ಮುರಿಗೆಪ್ಪ ಕೈಯನ್ನು ಇನ್ನೂ ಗಟ್ಟಿ ಹಿಡಿದ.

“ಇದು ನಮ್ಮ ಮನಿರಿ, ಸಾಹೇಬರ! ನಿಮ್ಮ ಮನಿ ಎಲ್ಲೈತಿ? ನಡೀರಿ!”