ಬೇರೆ ಫೋನಿನ ಮುಚ್ಚಳ

ಹಳೇ ಮೊಬೈಲುಗಳ ಅಂಗಡಿಯಲ್ಲಿ ಒಂದು ಹ್ಯಾಂಡ್‌ಸೆಟ್ ಇತ್ತು. ಅದರ ಹಿಂಬದಿ ಒಡೆದಿದ್ದರಿಂದ ಅಂಗಡಿಯವನು ಬೇರೆ ಫೋನಿನ ಮುಚ್ಚಳ ಹಾಕಿದ್ದ. ಮುಚ್ಚಳದ ಮೇಲೆ ‘5ಜಿ’ ಎಂದು ಬರೆದಿತ್ತು. ಅಂದಿನಿಂದ ಹ್ಯಾಂಡ್‌ಸೆಟ್ಟಿಗೆ ಕೊಂಬು ಬಂದಿತ್ತು.

ಗಿರಾಕಿಯೊಬ್ಬ ಪರೀಕ್ಷಿಸಲೆಂದು ತನ್ನ ಸಿಮ್ ಹಾಕಿದ.

“ತಾವು ಯಾವ ನೆಟ್‌ವರ್ಕ್ ಹಿಡಿಯುತ್ತೀರಿ?” ಎಂದು ಸಿಮ್ ಕೇಳಿತು.

“ನನ್ನ ಬೆನ್ನು ನೋಡು,” ಎಂದಿತು ಹ್ಯಾಂಡ್‌ಸೆಟ್.

“ನಾನಿರುವುದು ಒಳಗೆ, ಸ್ವಾಮಿ. ಇಲ್ಲಿ 4ಜಿ ಮಾತ್ರ ಸಿಗುತ್ತಿದೆ.”

“ಹಾಗಾದರೆ ಟವರ್ ಕೆಟ್ಟಿರಬೇಕು.”

ಗಿರಾಕಿ ಪರದೆ ನೋಡಿದ, ಮುಚ್ಚಳ ನೋಡಿದ. “ಹೇಳೋದೊಂದು, ಇರೋದೊಂದು. ಇದು ಬೇಡ,” ಎಂದು ಸಿಮ್ ತೆಗೆಯತೊಡಗಿದ.

ಹ್ಯಾಂಡ್‌ಸೆಟ್ ಮೊದಲ ಸಲ ಅಳುಕಿತು. “ಅವನಿಗೆ 5ಜಿಯೇ ಬೇಕಿತ್ತೇ?”

“ಇಲ್ಲ,” ಎಂದಿತು ಹೊರಬರುತ್ತಿದ್ದ ಸಿಮ್. “ಅವನ ಊರಿನಲ್ಲಿ ಇರುವುದೇ 4ಜಿ. ಅವನು ಅದನ್ನೇ ಹುಡುಕಿಕೊಂಡು ಬಂದಿದ್ದ.”