ಮಡಿಯ ಸಸಿ

ಬಡಕಲು ನೆಲದ ನೆಡುತೋಪಿನಲ್ಲಿ ಒಂದು ತೇಗದ ಸಸಿಯಿತ್ತು. ನರ್ಸರಿಯವರು ಅದನ್ನು "ಮಡಿಯ ಸಸಿ" ಎನ್ನುವುದನ್ನು ಕೇಳಿ ಕೇಳಿ, ತನ್ನಂಥ ಮಡಿವಂತೆ ಇನ್ನೊಬ್ಬಳಿಲ್ಲ ಎಂದು ಬೀಗುತ್ತಿತ್ತು. ಎಲೆಗಳು ಹಳದಿಯಾಗಿ ಉದುರುತ್ತಿದ್ದರೂ ಬಿಂಕ ಉದುರಿರಲಿಲ್ಲ.

ಒಂದು ದಿನ ಆಳುಗಳು ಪಟ್ಟಣದ ಚರಂಡಿಯ ಗಸಿಯನ್ನು ಹದಮಾಡಿ ತಂದು ಅದರ ಬುಡಕ್ಕೆ ಸುರಿದರು.

"ದೂರ ನಿಲ್ಲು! ನಾನು ಮಡಿಯಲ್ಲಿ ಹುಟ್ಟಿದವಳು," ಎಂದು ಸಸಿ ಚೀರಿತು.

"ಊರೇ ಹೇಸಿ ನನ್ನನ್ನು ಹೊರಗೆ ಹಾಕಿದೆ. ಇನ್ನೆಷ್ಟು ದೂರ ಹೋಗಲಿ ತಾಯಿ?" ಎಂದಿತು ಗಸಿ. "ಆದರೆ ನಾನು ಒಬ್ಬಳೇ ಬಂದಿಲ್ಲ."

ಆಗ ಗಸಿಯೊಳಗಿನಿಂದ, ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಕೇಳಿತು: "ಅಪ್ಪಣೆಯಾದರೆ ನಿನ್ನ ಬೇರಿನ ಅಡುಗೆಗೆ ಕೈ ಹಾಕುತ್ತೇವೆ."

ಬೇಡ ಎನ್ನಲು ಸಸಿಗೆ ತ್ರಾಣವಿರಲಿಲ್ಲ.

ಮಳೆ ಬಿತ್ತು. ನೆಲದಡಿಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಜೀವಗಳು ಒಮ್ಮೆಲೇ ಎದ್ದವು. ನಾತವಿದ್ದಲ್ಲಿ ಹೊಸಮಣ್ಣಿನ ಘಮ ಎದ್ದಿತು. ಇಟ್ಟಿಗೆಯಂತಿದ್ದ ನೆಲ ಹಿಟ್ಟಿನಂತೆ ಸಡಿಲವಾಯಿತು. ಸಸಿಯ ನೆತ್ತಿಯಲ್ಲಿ ಆನೆಕಿವಿಯಂಥ ಎಲೆ ಬಿಚ್ಚಿಕೊಂಡಿತು. ಸಸಿಗೆ ಮೈಯೆಲ್ಲ ಜುಮ್ಮೆಂದಿತು.

"ಇಂಥ ಪವಾಡ ಮಾಡಿದ ನೀವು ಯಾರು? ನಿಮ್ಮನ್ನು ನಾನು ಕಂಡೇ ಇಲ್ಲವಲ್ಲ!"

"ಕಂಡಿಲ್ಲ, ನಿಜ," ಎಂದಿತು ಸೂಕ್ಷ್ಮಜೀವಿ. "ನರ್ಸರಿಯವರು ಮಡಿ ಎಂದದ್ದು ಗೊಬ್ಬರ ಬೆರೆಸಿದ ಪಾತಿಯನ್ನು ಕಣಮ್ಮ. ಆ ಗೊಬ್ಬರದಲ್ಲೂ ನಾವೇ ಇದ್ದೆವು. ನಿನ್ನ ಬೀಜ ಒಡೆದಾಗ ನಿನ್ನನ್ನು ಮೊದಲು ಮುಟ್ಟಿದವರು ನಾವು."

ಸಸಿ ತನ್ನ ದೊಡ್ಡ ಎಲೆಯನ್ನು ಮೆಲ್ಲಗೆ ಬಗ್ಗಿಸಿ, ತಾನಾಗಿಯೇ ಗಸಿಯನ್ನು ಮುಟ್ಟಿತು.